ಅಗೆಯದೆಯೇ ಮಣ್ಣನ್ನು ತೂಗಬಹುದೆ?

ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಇದಕ್ಕೆ ಅಡ್ಡಲಾಗಿ ಕಟ್ಟಿರುವ ಜಲಾಶಯವು ಸುಮಾರು 51 ಸಾವಿರ ದಶಲಕ್ಷ ಘನ ಅಡಿ ನೀರನ್ನು ಹಿಡಿಯಬಲ್ಲದು. ಅಲ್ಲಿಂದ ಕೆಳಗೆ ಧೂಪದಾಳದಲ್ಲಿ 1897ರಲ್ಲಿಯೇ ಕಟ್ಟಿದ ಒಡ್ಡು ಇದೆ. ಇನ್ನೂ ಕೆಳಗೆ, ಗೋಕಾಕದ ಸಮೀಪದಲ್ಲಿ, ನದಿಯು ಗಟ್ಟಿಯಾದ ಮರಳುಗಲ್ಲಿನ ಬಂಡೆಯ ಮೇಲಿಂದ 52 ಮೀಟರು ಕೆಳಕ್ಕೆ ಧುಮುಕಿ, ಮುಂದೆ ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಹೊಲಗಳ ನಡುವೆ ಸಾಗುತ್ತದೆ. ಜಲಪಾತದ ಬಂಡೆ ಎಷ್ಟು ದೃಢವಾದುದೋ ಈ ಹೊಲಗಳ ಎರೆಮಣ್ಣು ಅಷ್ಟೇ ಚಂಚಲವಾದುದು. ಬೇಸಗೆಯಲ್ಲಿ ಅದು ಕೈ ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ, ಮೆತ್ತಗಾಗಿ, ನಡೆಯುವವರ ಕಾಲಿಗೆ ಅಂಟಿಕೊಳ್ಳುತ್ತದೆ. ಕಾಲುವೆಯ ನೀರು ಅಳತೆಮೀರಿ ನಿಂತ ಕಡೆ ಭೂಮಿ ಸವಳು-ಜವಳಾಗಿ ವರ್ಷವೆಲ್ಲ ಹಸಿಯಾಗಿಯೇ ಉಳಿಯುವುದೂ ಉಂಟು.

ಇಂತಹ ನೆಲದ ಮೇಲೆಯೇ ನಾವು ಮನೆ ಕಟ್ಟಬೇಕು, ಕಾಲುವೆಯ ಏರಿ ಹಾಕಬೇಕು, ಸೇತುವೆಗೆ ತಳಪಾಯ ಇಡಬೇಕು. ಕಬ್ಬು ಹೇರಿದ ಟ್ರಾಕ್ಟರು ಎರಡು ಟ್ರೇಲರುಗಳನ್ನು ಎಳೆದುಕೊಂಡು ಕಾಲುವೆಯ ಏರಿಯ ಮೇಲೆ ಹೋಗುವಾಗ ಆ ಏರಿಯೂ ಅದರ ಕೆಳಗಿನ ನೆಲವೂ ಆ ಭಾರವನ್ನು ಹೊರಲೇಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಬಂದಾಗ ಗೋಕಾಕ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿ ಅನೇಕ ಮನೆಗಳು ಕುಸಿದವು. ನೀರುಂಡ ನೆಲವು ಎಷ್ಟು ಭಾರ ಹೊರಬಲ್ಲದು ಎಂಬ ಪ್ರಶ್ನೆ ಆದುದರಿಂದ ಕೇವಲ ಪುಸ್ತಕದ ಪ್ರಶ್ನೆಯಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಹೊರಟವನು ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಅದೆಂದರೆ, ಅಲ್ಲಿಯ ಮಣ್ಣಿನ ತೂಕವೆಷ್ಟು? ಹತ್ತು ಮೀಟರು ಆಳದ ಮಣ್ಣನ್ನು ಅಗೆದು ತೆಗೆಯದೆ ತೂಗುವುದು ಹೇಗೆ? ತುದಿಯಲ್ಲಿ ಉಕ್ಕಿನ ಶಂಕುವಿರುವ ಒಂದು ಸಲಾಕೆಯನ್ನು ನೆಲದೊಳಕ್ಕೆ ಒತ್ತಿ ಇದನ್ನು ಅಂದಾಜುಮಾಡುವ ಒಂದು ವಿಧಾನವಿದೆ. ಅದರ ಯುಕ್ತಿಯೇನು, ಅದು ಎಲ್ಲಿ ನಂಬಿಕೆಗೆ ಅರ್ಹ, ಎಲ್ಲಿ ಅಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದು ಗಾತ್ರದ ತೂಕ

ಒಂದು ಘನ ಮೀಟರು ಗಾತ್ರದ ಮಣ್ಣಿನ ತೂಕವನ್ನು ಆ ಮಣ್ಣಿನ ಏಕಮಾನ ತೂಕ ಎನ್ನುತ್ತಾರೆ. ಒಂದು ಘನ ಮೀಟರು ನೀರಿನ ದ್ರವ್ಯರಾಶಿ 1000 ಕಿಲೋಗ್ರಾಂ. ಭೂಮಿ ಅದನ್ನು ಎಳೆಯುವ ಬಲ, ಎಂದರೆ ಅದರ ತೂಕ, 9.8 ಕಿಲೋನ್ಯೂಟನ್. ಆದುದರಿಂದ ನೀರಿನ ಏಕಮಾನ ತೂಕ ಘನ ಮೀಟರಿಗೆ 9.8 ಕಿಲೋನ್ಯೂಟನ್. ಮುಂದೆ ನಾವು ಏಕಮಾನ ತೂಕ 15 ಅಥವಾ 18 ಎಂದಾಗ ಇದೇ ಮಾನವನ್ನು ತಿಳಿಯಬೇಕು.

ಮಣ್ಣು ಒಂದೇ ವಸ್ತುವಲ್ಲ. ಅದು ಕಣಗಳು, ಅವುಗಳ ನಡುವಣ ನೀರು ಮತ್ತು ಗಾಳಿ, ಈ ಮೂರರ ಕೂಟ. ಗೋಕಾಕದ ಕರದಂಟನ್ನು ನೆನೆಯಿರಿ. ಅದರಲ್ಲಿ ಗೋಡಂಬಿ, ಬಾದಾಮಿ, ಅಂಟುಗಳ ಚೂರುಗಳನ್ನು ಬೆಲ್ಲದ ಪಾಕ ಹಿಡಿದು ನಿಲ್ಲಿಸಿದೆ. ಒಂದೇ ಅಳತೆಯ ಎರಡು ತುಂಡುಗಳಲ್ಲಿ ಒತ್ತಿ ಕಟ್ಟಿದ್ದು ಹೆಚ್ಚು ತೂಗುತ್ತದೆ, ಸಡಿಲವಾಗಿ ಕಟ್ಟಿದ್ದು ಕಡಿಮೆ ತೂಗುತ್ತದೆ. ಚೂರುಗಳು ಅವೇ ಆದರೂ ಅವು ಎಷ್ಟು ಒತ್ತಾಗಿ ಕೂತಿವೆ ಎಂಬುದರಿಂದ ಈ ಭೇದ ಉಂಟಾಗುತ್ತದೆ. ಮಣ್ಣಿನಲ್ಲಿಯೂ ಹಾಗೆಯೇ. ಮಣ್ಣಿನ ಕಣಗಳು ಸಾಮಾನ್ಯವಾಗಿ ನೀರಿಗಿಂತ ಸುಮಾರು 2.7 ಪಟ್ಟು ಭಾರವಾಗಿರುತ್ತವೆ. ಊರಿಂದೂರಿಗೆ ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಕಣಗಳ ನಡುವಣ ತೆರಪು.

ನೀರು ಹೆಚ್ಚಿದಷ್ಟೂ ಹಗುರ

ಇಲ್ಲಿ ಮೊದಲ ನೋಟಕ್ಕೆ ವಿಚಿತ್ರವೆನಿಸುವ ಒಂದು ಸಂಗತಿಯಿದೆ. ಒಣಮಣ್ಣಿಗೆ ನೀರು ಹಾಕಿದರೆ ಅದು ಭಾರವಾಗುತ್ತದೆಂದು ಎಲ್ಲರೂ ಬಲ್ಲರು. ತೆರಪುಗಳಲ್ಲಿದ್ದ ಗಾಳಿಯ ಜಾಗವನ್ನು ನೀರು ಹಿಡಿಯುವವರೆಗೆ ಇದು ನಿಜ. ಆದರೆ ತೆರಪುಗಳೆಲ್ಲ ನೀರಿನಿಂದ ತುಂಬಿಹೋದ ಮೇಲೆ ಇನ್ನಷ್ಟು ನೀರು ಒಳಸೇರಬೇಕಾದರೆ ಕಣಗಳು ದೂರ ಸರಿಯಲೇಬೇಕು. ಆಗ 2.7 ಪಟ್ಟು ಭಾರವಾದ ಕಣವಿದ್ದ ಜಾಗಕ್ಕೆ ಹಗುರವಾದ ನೀರು ಬರುತ್ತದೆ. ಒಂದು ಘನ ಮೀಟರಿನ ತೂಕ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ನೀರು ತುಂಬಿದ ಮಣ್ಣಿನಲ್ಲಿ 100 ಕಿಲೋಗ್ರಾಂ ಕಣಗಳಿಗೆ 30 ಕಿಲೋಗ್ರಾಂ ನೀರಿದ್ದರೆ ಅದರ ಏಕಮಾನ ತೂಕ 19.0 ಆಗುತ್ತದೆ. 100ಕ್ಕೆ 60ರಷ್ಟು ನೀರಿದ್ದರೆ 16.2, ಕಣಗಳಷ್ಟೇ ನೀರೂ ಇದ್ದರೆ 14.3. ಕರಾವಳಿಯ ನದೀಮುಖಗಳಲ್ಲಿ, ಕಾರವಾರದ ಕಾಳಿ ನದಿಯ ಮತ್ತು ಮಂಗಳೂರಿನ ನೇತ್ರಾವತಿ-ಗುರುಪುರ ನದಿಗಳ ಬಾಯಿಗಳಲ್ಲಿ, ನೀರು ಬಹಳವಾಗಿರುವ ಮೆತ್ತನೆಯ ಜೇಡಿಮಣ್ಣಿನ ಪದರಗಳಿವೆ. ನೀರು ತುಂಬಿದ ಜೇಡಿ ಮೆತ್ತಗಾದಷ್ಟೂ ಹಗುರ ಎಂಬ ಈ ನಂಟೇ ಮುಂದೆ ಹೇಳಲಿರುವ ವಿಧಾನಕ್ಕೆ ಆಧಾರ.

ತೂಕ ತಿಳಿಯದಿದ್ದರೆ ಕೆಡುವುದೇನು?

ಹದಿನಾಲ್ಕೋ ಹದಿನಾರೋ, ಏನಾದರೇನು ಎಂದು ಕೆಲವರಿಗೆ ಅನಿಸಬಹುದು. ನೆಲದ ಹೊರಗೆ ನಿಂತು ನೋಡಿದರೆ ಭೇದ ಅಲ್ಪವೇ ಸರಿ. ನೆಲದೊಳಗೆ ಅದು ಹಿರಿದಾಗುತ್ತದೆ. ಅದಕ್ಕೆ ಕಾರಣ ಆರ್ಕಿಮಿಡೀಸನ ತತ್ತ್ವ.

ನೀರಿನಲ್ಲಿ ಮುಳುಗಿದ ವಸ್ತು ತಾನು ಪಲ್ಲಟಗೊಳಿಸಿದ ನೀರಿನ ತೂಕದಷ್ಟು ಹಗುರವಾಗಿ ತೋರುತ್ತದೆ. ಅಂತರ್ಜಲದ ಮಟ್ಟದಿಂದ ಕೆಳಗಿರುವ ಮಣ್ಣೂ ಮುಳುಗಿದ ವಸ್ತುವೇ. ಅದರ ಕಣಗಳು ಒಂದರ ಮೇಲೊಂದು ನಿಜವಾಗಿ ಹೊರಿಸುವ ಭಾರವು ಒಟ್ಟು ಭಾರದಿಂದ ನೀರಿನ ಒತ್ತಡವನ್ನು ಕಳೆದು ಉಳಿದದ್ದು. ಮಣ್ಣು ಕುಗ್ಗುವುದೂ ಗಟ್ಟಿಯಾಗಿ ನಿಲ್ಲುವುದೂ ಈ ಉಳಿಕೆಯ ಭಾರವನ್ನು ಅನುಸರಿಸಿಯೇ ಎಂಬುದನ್ನು ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರು ತೋರಿಸಿಕೊಟ್ಟನು. 1925ರಲ್ಲಿ ಪ್ರಕಟವಾದ ಅವನ ಗ್ರಂಥದಿಂದ ಮಣ್ಣಿನ ಬಲವಿಜ್ಞಾನವು ಒಂದು ಶಾಸ್ತ್ರವಾಗಿ ನೆಲೆಗೊಂಡಿತೆನ್ನಬಹುದು.

ಈಗ ಒಂದು ಮೆತ್ತನೆಯ ಮಣ್ಣಿನ ಏಕಮಾನ ತೂಕ 15 ಎಂದು ಇಟ್ಟುಕೊಳ್ಳೋಣ. ನೀರಿನ 9.8ನ್ನು ಕಳೆದರೆ ಉಳಿಯುವುದು 5.2. ತೂಕವನ್ನು ತಪ್ಪಾಗಿ 16 ಎಂದು ಎಣಿಸಿದರೆ ಉಳಿಯುವುದು 6.2. ಮೇಲೆ ನೂರಕ್ಕೆ ಏಳರಷ್ಟಿದ್ದ ತಪ್ಪು ಕೆಳಗೆ ನೂರಕ್ಕೆ ಹತ್ತೊಂಬತ್ತಾಯಿತು. ದೊಡ್ಡ ಸಂಖ್ಯೆಯಿಂದ ಅದರ ಸಮೀಪದ ಇನ್ನೊಂದು ದೊಡ್ಡ ಸಂಖ್ಯೆಯನ್ನು ಕಳೆದಾಗ ತಪ್ಪು ಹೀಗೆ ಬೆಳೆಯುವುದು ಗಣಿತದ ಸ್ವಭಾವ. ಮನೆ ಎಷ್ಟು ಕುಸಿದೀತು, ಏರಿ ಎಷ್ಟು ತಗ್ಗೀತು ಎಂಬ ಲೆಕ್ಕವೆಲ್ಲ ಈ ಉಳಿಕೆಯ ಮೇಲೆ ನಿಂತಿದೆ.

ಹಾಲೆಂಡಿನಿಂದ ಬಂದ ಶಂಕು

ನೆಲ ಗಟ್ಟಿಯೋ ಮೆತ್ತಗೋ ಎಂದು ತಿಳಿಯಲು ಕಬ್ಬಿಣದ ಹಾರೆಯನ್ನು ಚುಚ್ಚಿ ನೋಡುವುದು ಎಲ್ಲ ಊರುಗಳ ರೂಢಿ. ಈ ರೂಢಿಯನ್ನು ಅಳತೆಯ ಮಟ್ಟಕ್ಕೆ ತಂದವರು ಹಾಲೆಂಡಿನವರು. ಆ ದೇಶದ ಬಹುಭಾಗ ಮೆತ್ತನೆಯ ಜೇಡಿ ಮತ್ತು ಕೊಳೆತ ಸಸ್ಯಗಳಿಂದಾದ ಮಣ್ಣು. 1918ರ ಸೆಪ್ಟೆಂಬರ್ 13ರಂದು ಅಲ್ಲಿಯ ವೇಸ್ಪ್ ಎಂಬ ಊರಿನ ಬಳಿ, ಮಳೆಯಿಂದ ನೆನೆದಿದ್ದ ರೈಲು ಏರಿಯು ಗಾಡಿ ಬರುತ್ತಿದ್ದಾಗಲೇ ಜಾರಿ 41 ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಬಲವನ್ನು ಕೇವಲ ಅನುಭವಕ್ಕೆ ಬಿಡಲಾಗದೆಂಬ ಅರಿವು ಈ ದುರಂತದಿಂದ ಆ ದೇಶದಲ್ಲಿ ಬಲವಾಯಿತು. 1934ರಲ್ಲಿ ಡೆಲ್ಫ್ಟ್ ನಗರದಲ್ಲಿ ಮಣ್ಣಿನ ಪ್ರಯೋಗಶಾಲೆಯೊಂದು ಸ್ಥಾಪಿತವಾಯಿತು. ಅದಕ್ಕೂ ಮುಂಚೆ, 1932ರಲ್ಲಿ, ಬಾರೆಂಟ್ಸನ್ ಎಂಬ ಎಂಜಿನಿಯರು ಒಂದು ಕೊಳವೆಯೊಳಗೆ ಉಕ್ಕಿನ ಸಲಾಕೆಯನ್ನಿಟ್ಟು, ಅದರ ತುದಿಗೆ ಶಂಕುವನ್ನು ಜೋಡಿಸಿ, ಕೈಯಿಂದಲೇ ನೆಲಕ್ಕೆ ಒತ್ತಿ ಎದುರೊತ್ತನ್ನು ಅಳೆದಿದ್ದನು.

ಅವನು ಆರಿಸಿಕೊಂಡ ಅಳತೆಗಳೇ ಇಂದಿಗೂ ಜಗತ್ತಿನ ರೂಢಿಯಾಗಿ ಉಳಿದಿವೆ. ಶಂಕುವಿನ ಮೊನೆಯ ಕೋನ 60 ಡಿಗ್ರಿ. ಅದರ ಅಡ್ಡಕೊಯ್ತದ ಕ್ಷೇತ್ರ 10 ಚದರ ಸೆಂಟಿಮೀಟರು. 1953ರಲ್ಲಿ ಬೇಗೆಮಾನ್ ಎಂಬ ಇನ್ನೊಬ್ಬ ಡಚ್ಚನು ಶಂಕುವಿನ ಹಿಂದೆ ಒಂದು ಉಕ್ಕಿನ ಕವಚವನ್ನು ಸೇರಿಸಿದನು. ಮಣ್ಣು ಈ ಕವಚದ ಪಕ್ಕಗಳನ್ನು ಉಜ್ಜುವ ಬಲವನ್ನು ಬೇರೆಯಾಗಿ ಅಳೆಯುವುದು ಇದರಿಂದ ಸಾಧ್ಯವಾಯಿತು. ಇಂದು ಬಳಕೆಯಲ್ಲಿರುವ ಕವಚದ ಹೊರಮೈ 150 ಚದರ ಸೆಂಟಿಮೀಟರು. 1970ರ ದಶಕದಿಂದೀಚೆಗೆ, ಮಣ್ಣಿನ ತೆರಪುಗಳಲ್ಲಿರುವ ನೀರಿನ ಒತ್ತಡವನ್ನೂ ಅಳೆಯುವ ಸಾಧನ ಶಂಕುವಿನ ಬೆನ್ನಿಗೇ ಬಂದಿತು. ಭಾರತೀಯ ಮಾನಕ ಸಂಸ್ಥೆಯೂ 1976ರಲ್ಲಿ ಶಂಕು ಪರೀಕ್ಷೆಯ ಕ್ರಮವನ್ನು ಗೊತ್ತುಮಾಡಿ ಪ್ರಕಟಿಸಿದೆ.

ಪರೀಕ್ಷೆಯ ಕ್ರಮ ಸರಳವಾದುದು. ಭಾರವಾದ ಲಾರಿಯ ಅಥವಾ ನೆಲಕ್ಕೆ ಬಿಗಿದ ಚೌಕಟ್ಟಿನ ಆಸರೆಯಿಂದ ಶಂಕುವನ್ನು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಒಂದೇ ವೇಗದಲ್ಲಿ ಕೆಳಕ್ಕೆ ಒತ್ತುತ್ತಾರೆ. ಒಂದೊಂದು ಮೀಟರು ಇಳಿದಂತೆ ಮೇಲೆ ಇನ್ನೊಂದು ಸಲಾಕೆಯನ್ನು ಜೋಡಿಸುತ್ತಾರೆ. ಇಳಿಯುತ್ತಿರುವಾಗಲೇ ಮೊನೆಯ ಎದುರೊತ್ತು, ಕವಚದ ಘರ್ಷಣೆ, ನೀರಿನ ಒತ್ತಡ, ಈ ಮೂರೂ ಕೆಲವೇ ಸೆಂಟಿಮೀಟರಿಗೊಮ್ಮೆ ದಾಖಲಾಗುತ್ತವೆ. ಆದರೆ ಶಂಕುವು ಮಣ್ಣನ್ನು ಮೇಲಕ್ಕೆ ತರುವುದಿಲ್ಲ. ತೂಗಲು ನಮ್ಮ ಕೈಯಲ್ಲಿ ಒಂದು ಹಿಡಿ ಮಣ್ಣೂ ಇರುವುದಿಲ್ಲ.

ಮೊನೆಯ ಎದುರೊತ್ತಿನಲ್ಲಿ ಅಡಗಿರುವ ಭಾರ

ಮೊನೆಯ ಎದುರೊತ್ತು ತಿಳಿದರೆ ಮಣ್ಣಿನ ಬಲ ತಿಳಿಯಿತೆಂದು ಭಾವಿಸಬಾರದು. ಹತ್ತು ಮೀಟರು ಆಳದ ಕೆರೆಯೊಳಕ್ಕೆ ಇದೇ ಶಂಕುವನ್ನು ಇಳಿಸಿದೆವೆಂದು ಕಲ್ಪಿಸಿಕೊಳ್ಳಿ. ನೀರಿಗೆ ಜಾರದೆ ನಿಲ್ಲುವ ಬಲ ಲೇಶವೂ ಇಲ್ಲ. ಆದರೂ ಶಂಕುವಿನ ಮೇಲೆ 98 ಕಿಲೋಪ್ಯಾಸ್ಕಲ್ ಒತ್ತಡವಿರುತ್ತದೆ, ಏಕೆಂದರೆ ಅದರ ಮೇಲೆ ಹತ್ತು ಮೀಟರು ನೀರಿದೆ. ಮಣ್ಣಿನಲ್ಲಿಯೂ ಹೀಗೆಯೇ. ಅಳತೆಯಲ್ಲಿ ಕಾಣುವ ಎದುರೊತ್ತಿನ ಒಂದು ಭಾಗ ಮೇಲಿನ ಮಣ್ಣಿನ ಭಾರದಿಂದ ಬಂದದ್ದು. ಉಳಿದದ್ದು ಮಾತ್ರ ಮಣ್ಣಿನ ಸ್ವಂತ ಬಲದಿಂದ ಬಂದದ್ದು. ಆದುದರಿಂದ ಎದುರೊತ್ತಿನಿಂದ ಮೇಲ್ಭಾರವನ್ನು ಕಳೆಯಬೇಕು. ಉಳಿದದ್ದನ್ನು ಅನುಭವದಿಂದ ಗೊತ್ತಾದ ಒಂದು ಸಂಖ್ಯೆಯಿಂದ ಭಾಗಿಸಿದರೆ ಜೇಡಿಮಣ್ಣು ಜಾರದೆ ನಿಲ್ಲುವ ಬಲ ದೊರೆಯುತ್ತದೆ. ಈ ಭಾಜಕವು ಸಾಮಾನ್ಯವಾಗಿ 10ರಿಂದ 18ರವರೆಗೆ ಇದ್ದು, ಬೇರೆ ಆಧಾರವಿಲ್ಲದಾಗ 14 ಎಂದು ಹಿಡಿಯುವುದುಂಟು.

ಗಟ್ಟಿನೆಲದಲ್ಲಿ ಎದುರೊತ್ತು ಐದು ಸಾವಿರ, ಹತ್ತು ಸಾವಿರ ಕಿಲೋಪ್ಯಾಸ್ಕಲ್ ಇರಬಹುದು. ಅದರಿಂದ 150ನ್ನು ಕಳೆದರೂ 180ನ್ನು ಕಳೆದರೂ ಹೆಚ್ಚಿನ ಭೇದವಾಗದು. ಮೆತ್ತನೆಯ ನೆಲದಲ್ಲಿ ಎದುರೊತ್ತೇ 300ರಷ್ಟಿದ್ದರೆ, ಕಳೆಯಬೇಕಾದ ಭಾರವು ಅದರ ಅರ್ಧದಷ್ಟಾಗುತ್ತದೆ. ಅಲ್ಲಿ ಮೇಲ್ಭಾರವನ್ನು ಸರಿಯಾಗಿ ತಿಳಿಯದೆ ಬಲವನ್ನು ಹೇಳಲಾಗದು.

ಘರ್ಷಣೆಯಿಂದ ತೂಕಕ್ಕೆ

ಹಾಗಾದರೆ ತೂಕವನ್ನು ಶಂಕುವಿನಿಂದಲೇ ಕೇಳಬಹುದೆ? ಕಣಗಳು ಒತ್ತೊತ್ತಾಗಿ ಕೂತ ಮಣ್ಣು ಕವಚವನ್ನು ಬಲವಾಗಿ ಹಿಡಿಯುತ್ತದೆ. ನೀರು ಹೆಚ್ಚಾಗಿ ಕಣಗಳು ದೂರ ಸರಿದ ಮಣ್ಣು ಸಡಿಲವಾಗಿ ಹಿಡಿಯುತ್ತದೆ. ಒತ್ತಾದ ಮಣ್ಣೇ ಭಾರವಾದ ಮಣ್ಣು ಎಂಬುದನ್ನು ಆಗಲೇ ಕಂಡೆವು. ಆದುದರಿಂದ ಘರ್ಷಣೆಗೂ ಏಕಮಾನ ತೂಕಕ್ಕೂ ನಂಟಿರಬೇಕು. ಹಲವು ದೇಶಗಳಲ್ಲಿ ಶಂಕುವನ್ನು ಇಳಿಸಿದ ಸ್ಥಳಗಳಿಂದಲೇ ಮಣ್ಣಿನ ಮಾದರಿಯನ್ನೂ ತೆಗೆದು ತೂಗಿ, ಎರಡನ್ನೂ ಹೋಲಿಸಿ ಈ ನಂಟನ್ನು ಸೂತ್ರಗಳ ರೂಪಕ್ಕೆ ತಂದಿದ್ದಾರೆ. ಅಮೆರಿಕದ ಪಾಲ್ ಮೇನ್ ಎಂಬ ಪ್ರಾಧ್ಯಾಪಕರು 2014ರಲ್ಲಿ ಕೊಟ್ಟ ಸೂತ್ರ ಹೀಗಿದೆ:

ತೂ = 26 − 14 ÷ [1 + (0.5 × ಲಾಗ್ (ಘ + 1))²]

ಇಲ್ಲಿ ‘ತೂ’ ಎಂಬುದು ಏಕಮಾನ ತೂಕ; ‘ಘ’ ಎಂಬುದು ಕಿಲೋಪ್ಯಾಸ್ಕಲ್‌ಗಳಲ್ಲಿ ಅಳೆದ ಕವಚದ ಘರ್ಷಣೆ; ಲಾಗ್ ಎಂದರೆ 10ನ್ನು ಆಧಾರವಾಗಿಟ್ಟ ಲಾಗರಿತಮ್. ಘರ್ಷಣೆ ಶೂನ್ಯವಾದರೆ ತೂಕ 12. ಘರ್ಷಣೆ 10 ಆದರೆ 15.0, 100 ಆದರೆ 19.0. ಘರ್ಷಣೆ ಹತ್ತು ಮಡಿಯಾದಾಗ ತೂಕ ಏರಿದ್ದು ನಾಲ್ಕೇ ಮಾನ ಎಂಬುದನ್ನು ಗಮನಿಸಬೇಕು. ಇದು ಒಂದು ಅನುಕೂಲ. ಘರ್ಷಣೆಯ ಅಳತೆ ಸ್ವಲ್ಪ ಒರಟಾಗಿದ್ದರೂ ತೂಕದ ಅಂದಾಜು ಹೆಚ್ಚಾಗಿ ಕೆಡುವುದಿಲ್ಲ.

ರಾಬರ್ಟ್‌ಸನ್ ಮತ್ತು ಕಾಬಲ್ ಎಂಬವರು 2010ರಲ್ಲಿ ಕೊಟ್ಟ ಇನ್ನೊಂದು ಸೂತ್ರವು ಮೊನೆಯ ಎದುರೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಘರ್ಷಣೆಯು ಎದುರೊತ್ತಿನ ನೂರಕ್ಕೆ ಎಷ್ಟು ಎಂಬುದರ ಲಾಗರಿತಮ್ಮನ್ನು 0.27ರಿಂದ ಗುಣಿಸಬೇಕು, ಎದುರೊತ್ತು ವಾಯುಮಂಡಲದ ಒತ್ತಡದ ಎಷ್ಟು ಪಟ್ಟು ಎಂಬುದರ ಲಾಗರಿತಮ್ಮನ್ನು 0.36ರಿಂದ ಗುಣಿಸಬೇಕು, ಇವೆರಡಕ್ಕೂ 1.236ನ್ನು ಕೂಡಿಸಬೇಕು. ಬಂದ ಮೊತ್ತವು ಮಣ್ಣು ನೀರಿಗಿಂತ ಎಷ್ಟು ಪಟ್ಟು ಭಾರವೆಂಬುದನ್ನು ತಿಳಿಸುತ್ತದೆ.

ಒಂದು ಲೆಕ್ಕ

ಕರಾವಳಿಯ ಒಂದು ನದೀಮುಖದಲ್ಲಿ, ನೆಲದ ಮಟ್ಟದವರೆಗೂ ನೀರಿರುವ ಮೆತ್ತನೆಯ ಜೇಡಿಯಲ್ಲಿ, ಹತ್ತು ಮೀಟರು ಆಳದಲ್ಲಿ ಎದುರೊತ್ತು 300, ಘರ್ಷಣೆ 6 ಕಿಲೋಪ್ಯಾಸ್ಕಲ್ ಬಂದಿತೆಂದು ಊಹಿಸೋಣ. ಮೇಲಿನ ಮಣ್ಣೆಲ್ಲ ಒಂದೇ ಬಗೆಯದೆಂದು ಇಟ್ಟುಕೊಂಡರೆ ಲೆಕ್ಕ ಸುಲಭವಾಗುತ್ತದೆ. ಮೊದಲ ಸೂತ್ರದಿಂದ ಏಕಮಾನ ತೂಕ 14.1, ಎರಡನೆಯದರಿಂದ 14.6. ಎರಡು ಬೇರೆ ಬೇರೆ ದಾರಿಗಳು ಅರ್ಧ ಮಾನದ ಅಂತರದಲ್ಲಿ ಬಂದು ಸೇರಿವೆ. ಮೇಲ್ಭಾರ 141 ಅಥವಾ 146. ಎದುರೊತ್ತಿನಿಂದ ಕಳೆದರೆ 159 ಅಥವಾ 154. ಹದಿನಾಲ್ಕರಿಂದ ಭಾಗಿಸಿದರೆ ಮಣ್ಣಿನ ಬಲ 11.4 ಅಥವಾ 11.0 ಕಿಲೋಪ್ಯಾಸ್ಕಲ್. ಭೇದ ಅಲ್ಪ.

ಈಗ ಆ ಮಣ್ಣಿನ ನಿಜವಾದ ಏಕಮಾನ ತೂಕ 17 ಎಂದಿರಲಿ. ಮೇಲ್ಭಾರ 170 ಆಗುತ್ತದೆ, ಉಳಿಯುವುದು 130, ಬಲ 9.3. ಸೂತ್ರವನ್ನೇ ನಂಬಿದವನು ಮಣ್ಣಿಗೆ ಇಲ್ಲದ ಬಲವನ್ನು ಇದೆಯೆಂದು, ನೂರಕ್ಕೆ ಇಪ್ಪತ್ತಕ್ಕೂ ಮಿಗಿಲಾಗಿ, ಎಣಿಸಿಬಿಟ್ಟಂತಾಯಿತು. ತೂಕವನ್ನು ಕಡಿಮೆ ಎಣಿಸಿದರೆ ಬಲ ಹೆಚ್ಚಾಗಿ ಕಾಣುತ್ತದೆ. ಅಪಾಯ ಇರುವುದು ಈ ದಿಕ್ಕಿನಲ್ಲಿ.

ವಾಸ್ತವದಲ್ಲಿ ನೆಲವು ಪದರ ಪದರವಾಗಿರುತ್ತದೆ. ಆದುದರಿಂದ ಮೇಲಿನಿಂದ ತೊಡಗಿ ಒಂದೊಂದು ಪದರಕ್ಕೂ ತೂಕವನ್ನು ಕಂಡುಹಿಡಿದು, ಅದನ್ನು ಪದರದ ದಪ್ಪದಿಂದ ಗುಣಿಸಿ, ಕೂಡಿಸುತ್ತ ಕೆಳಗಿಳಿಯಬೇಕು. ನೀರಿನ ಒತ್ತಡವು ಶಂಕುವಿನ ಹಿಂಬದಿಯ ಸಂದಿಯಲ್ಲಿಯೂ ಒತ್ತುವುದರಿಂದ, ಎದುರೊತ್ತಿನ ಅಳತೆಯನ್ನು ಮೊದಲು ಅದಕ್ಕಾಗಿ ತಿದ್ದಿಕೊಳ್ಳಬೇಕು. ಮೆತ್ತನೆಯ ಜೇಡಿಯಲ್ಲಿ ಈ ತಿದ್ದುಪಡಿಯನ್ನು ಬಿಡುವಂತಿಲ್ಲ.

ಮೆತ್ತನೆಯ ನೆಲದ ತೊಡಕು

ಸೂತ್ರವು ತಪ್ಪುವುದು ಯಾವಾಗ? ಮೊದಲನೆಯ ಕಾರಣ ಉಪಕರಣದಲ್ಲಿಯೇ ಇದೆ. ಕವಚದ ಘರ್ಷಣೆ 3 ಕಿಲೋಪ್ಯಾಸ್ಕಲ್ ಎಂದರೆ ಇಡೀ ಕವಚದ ಮೇಲೆ ಸುಮಾರು ನಾಲ್ಕೂವರೆ ಕಿಲೋಗ್ರಾಂ ತೂಕದಷ್ಟು ಬಲ ಮಾತ್ರ. ಗಟ್ಟಿನೆಲದಲ್ಲಿ ಹಲವು ಟನ್ನುಗಳ ಒತ್ತನ್ನು ತಾಳುವಂತೆ ಮಾಡಿದ ಉಪಕರಣದಿಂದ ಇಷ್ಟು ಸಣ್ಣ ಬಲವನ್ನು ಅಳೆಯಹೊರಡುವುದೆಂದರೆ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ಬಂಗಾರದ ಬಳೆ ತೂಗಿದಂತೆ. ನಿಜವಾದ ಘರ್ಷಣೆ 2 ಇದ್ದು ಉಪಕರಣ 5 ತೋರಿಸಿತೆನ್ನಿ. ಸೂತ್ರ ಕೊಡುವ ತೂಕ 12.8ರಿಂದ 13.8ಕ್ಕೆ ಏರುತ್ತದೆ. ಅದೇ ಮೂರರ ತಪ್ಪು ಘರ್ಷಣೆ 100 ಇರುವ ಕಡೆ ಆದರೆ ತೂಕ ಬದಲಾಗುವುದು 0.04ರಷ್ಟು ಮಾತ್ರ. ಎಂದರೆ, ತೂಕದ ಅರಿವು ಎಲ್ಲಿ ಅತ್ಯವಶ್ಯವೋ ಅಲ್ಲಿಯೇ ಅಂದಾಜು ಅತಿ ದುರ್ಬಲ.

ಎರಡನೆಯ ಕಾರಣ ಮಣ್ಣಿನ ಜಾತಿಗೆ ಸಂಬಂಧಿಸಿದ್ದು. ಕೊಳೆತ ಸಸ್ಯಾಂಶ ಬಹಳವಿರುವ ಮಣ್ಣಿನ ಕಣಗಳು 2.7 ಪಟ್ಟು ಭಾರವಾಗಿರುವುದಿಲ್ಲ. ಅದರ ಏಕಮಾನ ತೂಕ ಸೂತ್ರದ ಕೆಳಮಿತಿಯಾದ 12ಕ್ಕಿಂತಲೂ ಕಡಿಮೆಯಾಗಿರಬಹುದು. ಇನ್ನು ಕೆಲವು ಜೇಡಿಗಳು ಕದಡಿದೊಡನೆ ತಮ್ಮ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ. ಶಂಕು ಹಾದುಹೋಗುವಾಗಲೇ ಅವು ಕದಡಿರುವುದರಿಂದ ಕವಚಕ್ಕೆ ಸಿಗುವುದು ಸೋತ ಮಣ್ಣಿನ ಘರ್ಷಣೆ. ಅದನ್ನು ನಂಬಿದರೆ ತೂಕ ಇರುವುದಕ್ಕಿಂತ ಕಡಿಮೆಯಾಗಿ ಬರುತ್ತದೆ. ಬಲ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಎರೆಭೂಮಿಯ ವಿಶೇಷ

ಮೂರನೆಯ ಕಾರಣ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಓದುಗರಿಗೆ ಮುಖ್ಯವಾದುದು. ಇಂತಹ ಸೂತ್ರಗಳು ಬಹುಮಟ್ಟಿಗೆ ನೀರಿನಿಂದ ತುಂಬಿದ ಮಣ್ಣುಗಳ ಅಳತೆಗಳಿಂದ ಹುಟ್ಟಿದವು. ಎರೆಮಣ್ಣಾದರೋ ವರ್ಷದಲ್ಲಿ ಹಲವು ತಿಂಗಳು ಒಣಗಿರುತ್ತದೆ. ಅದರ ತೆರಪುಗಳಲ್ಲಿ ಆಗ ನೀರಿನೊಂದಿಗೆ ಗಾಳಿಯೂ ಇರುತ್ತದೆ. ಉಳಿದ ಅಲ್ಪ ನೀರು ಕಣಗಳನ್ನು ಒಂದಕ್ಕೊಂದು ಬಿಗಿಯಾಗಿ ಎಳೆದು ಹಿಡಿಯುವುದರಿಂದ ಹೆಂಟೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಈ ಗಟ್ಟಿತನಕ್ಕೆ ಕಾರಣ ತೂಕವಲ್ಲ, ಒಣಗಿರುವಿಕೆ.

ಊಹೆಯ ಸಂಖ್ಯೆಗಳಿಂದ ಇದನ್ನು ವಿಶದಪಡಿಸಬಹುದು. ಬೇಸಗೆಯಲ್ಲಿ ಒಂದು ಹೊಲದ ಎರೆಮಣ್ಣು ಘನ ಮೀಟರಿಗೆ 16.5 ತೂಗುತ್ತಿದ್ದು, ಅದರಲ್ಲಿ ಕವಚದ ಘರ್ಷಣೆ 150 ಬಂದಿತೆನ್ನೋಣ. ಸೂತ್ರವು ತೂಕ 19.6 ಎಂದು ಹೇಳುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ನೀರುಂಡು ಉಬ್ಬಿ, ತೆರಪುಗಳೆಲ್ಲ ತುಂಬಿ, 17.8 ತೂಗುವಂತಾಗಿ, ಘರ್ಷಣೆ 25ಕ್ಕೆ ಇಳಿಯಿತೆನ್ನೋಣ. ಸೂತ್ರವು ಈಗ 16.7 ಎನ್ನುತ್ತದೆ. ಮಣ್ಣು ನಿಜವಾಗಿ ಭಾರವಾಯಿತು. ಸೂತ್ರದ ದೃಷ್ಟಿಯಲ್ಲಿ ಹಗುರವಾಯಿತು. ಅಂತರ್ಜಲ ಮಟ್ಟದ ಕೆಳಗೆ ವರ್ಷವಿಡೀ ನೆನೆದಿರುವ ಜೇಡಿಗೆ ಹೊಂದುವ ನಿಯಮವನ್ನು ಋತುವಿಗೊಂದು ರೂಪ ತಾಳುವ ಮಣ್ಣಿಗೆ ಅನ್ವಯಿಸಿದರೆ ಉತ್ತರ ಹೀಗೆ ತಲೆಕೆಳಗಾಗುವುದು ಸಾಧ್ಯ. ಕಾಲುವೆಯ ಏರಿಯನ್ನು ಬೇಸಗೆಯಲ್ಲಿ ಪರೀಕ್ಷಿಸಿ ಮಳೆಗಾಲದ ಮಾತನ್ನು ಹೇಳಬಾರದು. ಸವಳು-ಜವಳಿನ ಭೂಮಿಯಲ್ಲಿ, ಮಣ್ಣು ಸದಾ ನೆನೆದೇ ಇರುವುದರಿಂದ, ಸೂತ್ರವು ಹೆಚ್ಚು ಸರಿಯಾಗಿ ಹೊಂದಬಹುದು. ಅಲ್ಲಿಯೂ ಅದನ್ನು ತಾಳೆನೋಡದೆ ಒಪ್ಪಲಾಗದು.

ಹಾಗಾದರೆ ಮಾಡಬೇಕಾದುದೇನು?

ತಾಳೆನೋಡಲು ಹಳೆಯ ಉಪಾಯವೇ ಲೇಸು. ಮಣ್ಣನ್ನು ತೆಗೆದು ತೂಗಬೇಕು. ನೆಲದ ಮೇಲುಭಾಗಕ್ಕೆ, ಒಳಗಿನ ಗಾತ್ರ ಸರಿಯಾಗಿ ಒಂದು ಲೀಟರಿನಷ್ಟಿರುವ ಉಕ್ಕಿನ ಉರುಳೆಯೊಂದಿದೆ. ಅದರ ವ್ಯಾಸ 10 ಸೆಂಟಿಮೀಟರು, ಎತ್ತರ ಸುಮಾರು 12.7 ಸೆಂಟಿಮೀಟರು. ಅದನ್ನು ನೆಲಕ್ಕೆ ಇಳಿಸಿ, ಸುತ್ತ ಅಗೆದು ಎತ್ತಿ, ಎರಡು ತುದಿಗಳನ್ನೂ ಸಮನಾಗಿ ಕೊಯ್ದು ತೂಗುತ್ತಾರೆ. ಒಳಗಿನ ಮಣ್ಣು 1.8 ಕಿಲೋಗ್ರಾಂ ಇದ್ದರೆ ಏಕಮಾನ ತೂಕ 17.7 ಎಂದು ಒಡನೆಯೇ ಹೇಳಬಹುದು. ಆಳದ ಮೆತ್ತನೆಯ ಮಣ್ಣಿಗೆ ತೆಳುಗೋಡೆಯ ಕೊಳವೆಯನ್ನು ಕೊರೆದ ಕುಳಿಯಲ್ಲಿ ಇಳಿಸಿ ಮಾದರಿಯನ್ನು ತರಬೇಕು. ಹೀಗೆ ಎಲ್ಲೆಡೆಯೂ ಮಾಡುವುದು ದುಬಾರಿ. ಎಲ್ಲಿಯೂ ಮಾಡದಿರುವುದು ಅಪಾಯ. ಒಂದು ಕೆಲಸದ ಸ್ಥಳದಲ್ಲಿ ಎರಡು ಮೂರು ಕಡೆಯಾದರೂ ಮಾದರಿ ತೆಗೆದು ತೂಗಿ, ಸೂತ್ರವು ಅಲ್ಲಿ ಎಷ್ಟು ತಪ್ಪುತ್ತದೆಂದು ಕಂಡುಕೊಂಡರೆ, ಉಳಿದ ಕಡೆಗಳಲ್ಲಿ ಶಂಕುವಿನ ಮಾತನ್ನು ಆ ತಪ್ಪನ್ನು ತಿದ್ದಿ ಬಳಸಿಕೊಳ್ಳಬಹುದು. ಕೆಲವೇ ಸೆಂಟಿಮೀಟರಿಗೊಮ್ಮೆ ನೆಲದ ಸ್ಥಿತಿಯನ್ನು ಹೇಳುವ ಶಂಕುವಿನ ಗುಣ ಮಾದರಿಗಳಿಗಿಲ್ಲ. ಮಣ್ಣನ್ನು ತಕ್ಕಡಿಗೆ ತರುವ ಮಾದರಿಯ ಗುಣ ಶಂಕುವಿಗಿಲ್ಲ.

ಈ ವಿಷಯವನ್ನು ಕೈಯಾರೆ ಪರೀಕ್ಷಿಸಿ ನೋಡಲು ವಿದ್ಯಾರ್ಥಿಗಳಿಗೆ ಲಾರಿಯೂ ಬೇಡ, ಶಂಕುವೂ ಬೇಡ. ಎರಡು ಬದಿಯನ್ನೂ ಕತ್ತರಿಸಿದ ಒಂದು ಗಟ್ಟಿ ಡಬ್ಬಿಯ ಒಳಗಾತ್ರವನ್ನು ಅಳೆದುಕೊಂಡು, ಅದನ್ನು ಹೊಲದ ಮಣ್ಣಿಗೆ ನಿಧಾನವಾಗಿ ಒತ್ತಿ, ತುಂಬಿದ ಮಣ್ಣನ್ನು ತೂಗಿರಿ. ಆಮೇಲೆ ಅದನ್ನು ಪೂರ್ತಿ ಒಣಗಿಸಿ ಮತ್ತೆ ತೂಗಿರಿ. ಪ್ರಯೋಗಶಾಲೆಯಲ್ಲಾದರೆ 105ರಿಂದ 110 ಡಿಗ್ರಿ ಸೆಂಟಿಗ್ರೇಡ್ ಶಾಖದ ಒಲೆಯಲ್ಲಿ ಒಂದು ದಿನ ಇಡಬೇಕು. ಎರಡು ತೂಕಗಳ ಅಂತರವೇ ಮಣ್ಣಿನಲ್ಲಿದ್ದ ನೀರು. ಇದನ್ನು ಯುಗಾದಿಯ ಸುಮಾರಿಗೆ ಒಮ್ಮೆ, ಶ್ರಾವಣದ ಮಳೆಯಲ್ಲಿ ಒಮ್ಮೆ, ಒಂದೇ ಹೊಲದ ಎರೆಯಲ್ಲಿಯೂ ಹತ್ತಿರದ ಮಸಾರಿ ಮಣ್ಣಿನಲ್ಲಿಯೂ ಮಾಡಿ, ದಿನಾಂಕದೊಡನೆ ಬರೆದಿಡಬೇಕು. ಮುಂದೆ ಆ ಹೊಲದ ಪಕ್ಕದಲ್ಲಿ ಕಾಲುವೆಯೋ ಸೇತುವೆಯೋ ಬರುವುದಾದರೆ, ಶಂಕುವಿನ ಅಂದಾಜಿನೊಡನೆ ಹೋಲಿಸಿ ನೋಡಲು ನೆಲದ ಮೇಲ್ಪದರದ ಮಟ್ಟಿಗಾದರೂ ಈ ನಾಲ್ಕು ಅಳತೆಗಳು ಸಿದ್ಧವಾಗಿರುತ್ತವೆ.